ಬಾವಿಗೆ ಒಂದು ಸುತ್ತು

ಈ ಘಟನೆ ಹೀಗೇ ನಡೆಯಿತು ಎಂದು ಹೇಳಲು ನನಗೆ ಧೈರ್ಯವಿಲ್ಲ. ನಡೆದಾಗ ನಾನು ಅಲ್ಲಿದ್ದೆ, ಅಷ್ಟು ಹೇಳಬಲ್ಲೆ. ವೈಟ್‌ಫೀಲ್ಡ್ ಹಿಂಭಾಗದ ಒಂದು ಊರಿನ ಬಾವಿಯ ಪಕ್ಕದಲ್ಲಿ, ಐದಾರು ಜನರ ಎದುರಿಗೆ, ನಾನು ಎದ್ದುನಿಂತು "ತಪ್ಪು ನನ್ನದು" ಎಂದೆ ಎನ್ನುವುದು ನನ್ನ ನೆನಪು. ಇಲಾಖೆಗೆ ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವಾಗ ಇದನ್ನು ಹತ್ತಾರು ಸಲ ಹೇಳಿದ್ದೇನೆ. ಹೇಳಿದಷ್ಟೂ ಆ ವಾಕ್ಯದಲ್ಲಿ ನನ್ನ ದನಿ ಗಟ್ಟಿಯಾಗುತ್ತಾ ಬಂತು. ಅನುಮಾನ ಶುರುವಾದದ್ದು ಅಲ್ಲಿಂದ. ನಿಜವಾಗಿ ತಪ್ಪೊಪ್ಪಿಕೊಳ್ಳುವ ಮನುಷ್ಯನ ದನಿ ಅಷ್ಟು ಚೆನ್ನಾಗಿರುವುದಿಲ್ಲ.

ನಾನು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ಅಂತರ್ಜಲ ಅಳೆಯುವ ಸರ್ಕಾರಿ ಕೆಲಸಕ್ಕೆ ಸೇರಿದವನು. ವಿಶ್ವವಿದ್ಯಾಲಯದಲ್ಲಿ ಭೂಮಿ ಹುಟ್ಟಿದ ಕಥೆ ಓದಿಸಿದ್ದರು. ಕೆಲಸಕ್ಕೆ ಸೇರಿದ ದಿನ ಕೈಗೆ ಒಂದು ಉಕ್ಕಿನ ಟೇಪು, ಒಂದು ಡಬ್ಬಿ ಸೀಮೆಸುಣ್ಣ, ಒಂದು ಬಸ್ ಪಾಸು ಕೊಟ್ಟರು. ಬೆಂಗಳೂರಿನ ಅಂಚಿನಲ್ಲಿ ಇಲಾಖೆ ಗುರುತು ಮಾಡಿದ ಕೆಲವು ತೆರೆದ ಬಾವಿಗಳಿದ್ದವು. ತಿಂಗಳಿಗೊಮ್ಮೆ ಪ್ರತಿ ಬಾವಿಗೂ ಹೋಗಿ ನೀರು ಎಷ್ಟು ಆಳದಲ್ಲಿದೆ ಎಂದು ಬರೆದುಕೊಂಡು ಬರಬೇಕು. ಕೆಲಸ ಇಷ್ಟೇ. ಟೇಪಿನ ತುದಿಗೆ ಸುಣ್ಣ ಬಳಿಯುವುದು, ಬಾವಿಗೆ ಇಳಿಬಿಡುವುದು, ಎತ್ತಿ ನೋಡುವುದು. ಇಳಿಬಿಟ್ಟ ಟೇಪಿನ ಉದ್ದದಲ್ಲಿ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅಷ್ಟನ್ನು ಕಳೆದರೆ ನೀರಿನ ಆಳ ಸಿಗುತ್ತದೆ. ಪ್ರತಿ ಸಲವೂ ಒಂದೇ ಜಾಗದಿಂದ ಅಳೆಯಬೇಕಾದ್ದರಿಂದ ಬಾವಿಯ ಕಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಬಾಣದ ಗುರುತು ಹಾಕಿರುತ್ತಿದ್ದೆವು. ಆ ಬಾಣವೇ ನಮ್ಮ ಸೊನ್ನೆ. ಸೊನ್ನೆ ಅಲುಗಿದರೆ ಲೆಕ್ಕವೆಲ್ಲ ಅಲುಗಿತು.

ನನಗೆ ಕೆಲಸ ಕಲಿಸಿದವರು ರಾಮಲಿಂಗಯ್ಯ ಎಂಬ ಹಿರಿಯ ಅಧಿಕಾರಿ. ಮೊದಲ ದಿನ ಒಂದು ಬಾವಿಯ ಹತ್ತಿರ ಹೋದ ಕೂಡಲೇ ನಾನು ಟೇಪು ಬಿಚ್ಚಿದೆ.

"ನೀರು ಆಮೇಲೆ ನೋಡೋಣ ಕಣಯ್ಯ. ಮೊದಲು ಬಾವಿಗೆ ಒಂದು ಸುತ್ತು ಹಾಕು," ಎಂದರು.

"ಯಾಕೆ ಸಾರ್?"

"ದೇವಸ್ಥಾನಕ್ಕೆ ಹೋದ್ರೂ ಹಿಂಗೇ ಯಾಕೆ ಅಂತ ಕೇಳ್ತೀಯಾ?"

"ನಾನು ದೇವಸ್ಥಾನಕ್ಕೆ ಹೋಗಲ್ಲ ಸಾರ್."

"ಹಾಗಾದ್ರೆ ಕಾಲು ಇನ್ನೂ ಸವೆದಿಲ್ಲ. ಹಾಕು ಸುತ್ತು."

ಸುತ್ತು ಹಾಕಿದೆ. ಹಿಂಭಾಗದಲ್ಲಿ ಪಕ್ಕದ ಮನೆಯ ಬಚ್ಚಲ ನೀರು ಬಾವಿಯೊಳಗೆ ಇಳಿಯುತ್ತಿತ್ತು. "ನೀರಿನ ಮಟ್ಟ ಏರುಪೇರಾದ್ರೆ ಕಾರಣ ಬಾವಿ ಒಳಗಿರಲ್ಲ, ಹೊರಗಿರುತ್ತೆ," ಎಂದರು ರಾಮಲಿಂಗಯ್ಯ. ಇಲಾಖೆಯ ಪುಸ್ತಕದಲ್ಲಿ ಇಲ್ಲದ ಒಂದು ಕಾಲಂ ಅವರೇ ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಎಳೆದಿದ್ದರು. ತಲೆಬರಹ 'ಸುತ್ತು'. ಸುತ್ತು ಹಾಕಿದ ಮೇಲೆ ಅಲ್ಲಿ ಒಂದು ಟಿಕ್ ಹಾಕಬೇಕು, ಆಮೇಲೆ ಟೇಪು ಬಿಚ್ಚಬೇಕು. ಅವರು ನಿವೃತ್ತರಾದ ಮೇಲೂ ನಾನು ಆ ಗೆರೆ ಎಳೆಯುತ್ತಿದ್ದೆ. ಮೇಲಿನವರು ಯಾರೂ ಅದನ್ನು ನೋಡಲಿಲ್ಲ, ಬೇಡ ಎನ್ನಲೂ ಇಲ್ಲ.

ನನ್ನ ಕೆಲಸದ ಮುಕ್ಕಾಲು ಭಾಗ ನಡೆದದ್ದು ಬಸ್ಸಿನ ಕಿಟಕಿಯಲ್ಲಿ. ಹೊಸಬರಿಗೆ ಒಂದು ಸಲಹೆ: ಎಡಗಡೆ ಕಿಟಕಿ ಹಿಡಿಯಿರಿ. ರಸ್ತೆಯ ಪಕ್ಕದಲ್ಲಿ ಏನು ನಡೆಯುತ್ತಿದೆ ಎಂದು ಅಲ್ಲಿಂದ ಕಾಣುತ್ತದೆ. ಬೋರ್‌ವೆಲ್ ಲಾರಿ ಯಾವ ಕಡೆ ತಿರುಗಿತು, ನೀರಿನ ಟ್ಯಾಂಕರುಗಳು ಎಲ್ಲಿ ಸಾಲು ನಿಂತಿವೆ, ಹೋದ ತಿಂಗಳು ರಾಗಿ ಇದ್ದ ಹೊಲಕ್ಕೆ ಈ ತಿಂಗಳು ತಗಡಿನ ಬೇಲಿ ಬಂದಿದೆಯೇ. ಮಾರತ್ತಹಳ್ಳಿಯಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತರೆ ಅದನ್ನು ಇಲಾಖೆ ಕೊಟ್ಟ ವೀಕ್ಷಣಾ ಸಮಯ ಎಂದುಕೊಳ್ಳಿ. ದೊಡ್ಡ ಕಟ್ಟಡಕ್ಕೆ ನೆಲಮಾಳಿಗೆ ಅಗೆದಿದ್ದರೆ ನಾನು ಇಳಿದೇಬಿಡುತ್ತಿದ್ದೆ. ಮೇಲೆ ಕೆಂಪು ಮಣ್ಣು, ಕೆಳಗೆ ಕೊಳೆತ ಕಲ್ಲು, ಅದರ ಕೆಳಗೆ ಗಟ್ಟಿ ಕಲ್ಲು, ಬಿರುಕಿನಲ್ಲಿ ಜಿನುಗುವ ನೀರು. ಓದುವಾಗ ಚಿತ್ರದಲ್ಲಿ ಕಂಡದ್ದು ಇಲ್ಲಿ ಪುಕ್ಕಟೆ ಕಾಣುತ್ತಿತ್ತು. ಸೆಕ್ಯೂರಿಟಿಯವರು "ಫ್ಲಾಟ್ ಬೇಕಾ ಸಾರ್?" ಎನ್ನುತ್ತಿದ್ದರು. ಕಲ್ಲು ನೋಡುತ್ತಿದ್ದೇನೆ ಎಂದರೆ ಸೂಪರ್‌ವೈಸರನ್ನು ಕರೆಯುತ್ತಿದ್ದರು. ಹಾಗಾಗಿ ಫ್ಲಾಟ್ ಬೇಕು ಎನ್ನುವುದನ್ನು ಕಲಿತೆ.

ಚಿಕ್ಕಬಾಣಾವರದ ಬಾವಿಗೆ ರೈಲಿನಲ್ಲಿ ಹೋಗುತ್ತಿದ್ದೆ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರ ಮನೆಯ ಹಿತ್ತಿಲಿನಲ್ಲಿ ಆ ಬಾವಿ ಇತ್ತು. ಒಂದು ತಿಂಗಳು ಹೋದರೆ ಬಾವಿ ಇಲ್ಲ. ಚಪ್ಪಡಿ ಮುಚ್ಚಿ, ಟೇಪು ಇಳಿಸಲು ಒಂದು ತೂತು ಬಿಟ್ಟು, ಆ ತೂತಿನ ಮೇಲೆ ಸರಿಯಾಗಿ ವಾಷಿಂಗ್ ಮೆಷಿನ್ ಇಟ್ಟಿದ್ದರು.

"ಅಮ್ಮ, ಮೆಷಿನ್ ಸ್ವಲ್ಪ ಸರಿಸ್ಬೋದಾ?"

"ಇನ್ನು ಹದಿನೈದು ನಿಮಿಷ ಇದೆ ಕಣ್ರೀ, ಕೂತ್ಕೊಳಿ. ಇವತ್ತು ಬೆಡ್‌ಶೀಟು," ಎಂದರು ಮನೆಯಾಕೆ.

ಕೂತೆ. ಷರಾದಲ್ಲಿ 'ತಡಕ್ಕೆ ಕಾರಣ: ಬೆಡ್‌ಶೀಟು' ಎಂದು ಬರೆದೆ. ಅದನ್ನೂ ಯಾರೂ ಕೇಳಲಿಲ್ಲ.

ಯಾರೂ ಕೇಳದಿರುವುದು ಮೊದಲು ಹಿತವಾಗಿತ್ತು, ಆಮೇಲೆ ಚುಚ್ಚಲು ಶುರುವಾಯಿತು. ಚುಚ್ಚಿದವನು ಬಸವರಾಜ. ಬೊಮ್ಮಸಂದ್ರದಲ್ಲಿ ಒಂದು ವಠಾರದ ಬಾವಿ ಅಳೆಯುತ್ತಿದ್ದೆ. ರಾಯಚೂರು ಕಡೆಯಿಂದ ಬಂದು ಮಾತ್ರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಈತ ಶಿಫ್ಟ್ ಮುಗಿಸಿ ಬಾವಿಕಟ್ಟೆಯ ಹತ್ತಿರ ಸ್ನಾನ ಮಾಡುತ್ತಿದ್ದ.

"ಏನ್ ಮಾಡಾಕತ್ತೀರಿ ಸರ?"

"ನೀರು ಎಷ್ಟು ಆಳದಲ್ಲಿದೆ ಅಂತ ಅಳೀತಿದ್ದೀನಿ."

"ಅಳದು?"

"ಬರ್ಕೋತೀನಿ."

"ಬರಕೊಂಡು?"

"ಆಫೀಸಿಗೆ ಕಳಿಸ್ತೀನಿ."

"ಅವರೇನ್ ಮಾಡ್ತಾರ್ರೀ?"

"ಅವರೂ ಬರ್ಕೋತಾರೆ."

ಅವನು ಟವೆಲು ಹಿಂಡಿ ಹೆಗಲಿಗೆ ಹಾಕಿಕೊಂಡ. "ಛಲೋ ಐತ್ರಿ. ನಾವೂ ಅಲ್ಲೆ ಮಾತ್ರಿ ಎಣಸ್ತೀವಿ, ಡಬ್ಬಿಗೆ ಹಾಕ್ತೀವಿ. ಆದ್ರ ಅವನ್ನ ಯಾರೋ ನುಂಗತಾರಲ್ರಿ."

ಅವನು ಬಟ್ಟೆ ಹಾಕಿಕೊಂಡು ಹೋದ. ನಾನು ಹೊಸೂರು ರಸ್ತೆಯ ಬಸ್ಸು ಹತ್ತಿದೆ, ಅವತ್ತು ಕಿಟಕಿಯಲ್ಲಿ ಏನನ್ನೂ ನೋಡಲಿಲ್ಲ. ನನ್ನ ಅಂಕಿಗಳನ್ನು ಯಾರು ನುಂಗುತ್ತಾರೆ? ಮನುಷ್ಯ ಯಾತಕ್ಕೆ ಹುಟ್ಟಿದ್ದಾನೆ ಎಂದು ಕೇಳುವ ಜನರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೆ ಯಾತಕ್ಕೆ ಬಸ್ಸು ಹತ್ತಿದ್ದಾನೆ ಎನ್ನುವ ಪ್ರಶ್ನೆಗಾದರೂ ಉತ್ತರ ಇರಬೇಕು ಅನಿಸಿತು. ಒಂದೆರಡು ಸಲ ರಾಜೀನಾಮೆ ಬರೆದಿಟ್ಟೆ. ಮುಂದಿನ ತಿಂಗಳ ಸುತ್ತಾಟ ಬಂದುಬಿಡುತ್ತಿತ್ತು, ನಡೆಯುವ ಆಸೆಗೆ ಹೊರಟುಬಿಡುತ್ತಿದ್ದೆ.

ಇಡೀ ಸೇವೆಯಲ್ಲಿ ನನ್ನ ಅಂಕಿಯನ್ನು ಒಬ್ಬರು ನುಂಗಲು ಬಂದದ್ದು ನನಗೆ ತಿಳಿದ ಮಟ್ಟಿಗೆ ಒಂದೇ ಸಲ. ಅದು ತಪ್ಪು ಅಂಕಿಯಾಗಿತ್ತು.

ಆ ವೈಟ್‌ಫೀಲ್ಡ್ ಬಾವಿ ಕೆರೆಯ ಏರಿಯ ಕೆಳಗಿತ್ತು. ಅದರ ನೀರಿನಿಂದ ಸಾಕಮ್ಮ ಎಂಬ ವಿಧವೆ ಅರ್ಧ ಎಕರೆಯಲ್ಲಿ ಸೊಪ್ಪು ಬೆಳೆಯುತ್ತಿದ್ದರು. ದಂಟು, ಪಾಲಕ್, ಕೊತ್ತಂಬರಿ. ಬೆಳಿಗ್ಗೆ ಸುತ್ತಲಿನ ಪಿ.ಜಿ.ಗಳ ಅಡಿಗೆಯವರು ಬಂದು ಒಯ್ಯುತ್ತಿದ್ದರು. ತೋಟಕ್ಕೆ ಮೋಟರು, ಮನೆಗೆ ಹಗ್ಗ ಮತ್ತು ಬಿಂದಿಗೆ. ಬಾವಿಯಲ್ಲಿ ಅವರ ಮೈದುನನಿಗೂ ಪಾಲಿತ್ತು. ಆ ಮೈದುನನ ಮಗ ಮಂಜುನಾಥ ಪಕ್ಕದ ಜಾಗದಲ್ಲಿ ತಾನೂ ಒಂದು ಪಿ.ಜಿ. ಕಟ್ಟಲು ಹೊರಟಿದ್ದ. ಗೇಟಿಗೆ ದಾರಿ ಬೇಕಿತ್ತು. ದಾರಿಯಲ್ಲಿ ಬಾವಿ ಇತ್ತು.

ಅವನು ಕೆಟ್ಟವನಲ್ಲ. ಹಿಂದಿನ ವರ್ಷ ಶಿವರಾತ್ರಿಯ ಹೊತ್ತಿಗೆ ಸಾಕಮ್ಮನ ಮೇಕೆಮರಿ ಬಾವಿಗೆ ಬಿದ್ದಾಗ ಇಳಿದು ಎತ್ತಿದವನು ಅವನೇ. ಮತ್ತೆ ಬೀಳಬಾರದೆಂದು ಹಬ್ಬದ ಮರುದಿನವೇ ಕಟ್ಟೆಯ ಮೇಲೆ ಸಿಮೆಂಟ್ ಬ್ಲಾಕುಗಳನ್ನು ಇಟ್ಟು ಎರಡಡಿ ಎತ್ತರಿಸಿದವನೂ ಅವನೇ. ಮುಂಭಾಗಕ್ಕೆ ಗಾರೆ ಮೆತ್ತಿ ಸುಣ್ಣ ಹೊಡೆಸಿದ. ಹಿಂಭಾಗ ಹಾಗೇ ಬಿಟ್ಟ. ಅಲ್ಲಿ ನಿಂತು ನೋಡಿದರೆ ಹಳೆಯ ಕಲ್ಲಿನ ಮೇಲೆ ಹೊಸ ಬ್ಲಾಕು ಸ್ಪಷ್ಟ ಕಾಣುತ್ತಿತ್ತು. ಮುಂದೆ ನಿಂತರೆ ಬಿಳಿ ಗೋಡೆ ಮಾತ್ರ.

ಆ ಶಿವರಾತ್ರಿ ಕಳೆದ ಮರುವಾರ ನಾನು ಅಲ್ಲಿಗೆ ಹೋದೆ. ಮಾರತ್ತಹಳ್ಳಿಯಲ್ಲಿ ಬಸ್ಸು ಸಿಕ್ಕಿಹಾಕಿಕೊಂಡು ತಡವಾಗಿತ್ತು, ಮಧ್ಯಾಹ್ನ ಆಫೀಸಿನಲ್ಲಿ ಸಭೆ ಇತ್ತು. ಕೆಂಪು ಬಾಣ ಕಾಣಲಿಲ್ಲ. ಗಾರೆಯ ಕೆಳಗೆ ಮುಚ್ಚಿಹೋಗಿದೆ ಎಂದುಕೊಂಡೆ, ಅದು ನಿಜವೂ ಆಗಿತ್ತು. ಚೀಲದಲ್ಲಿ ಬಣ್ಣದ ಡಬ್ಬಿ ಇತ್ತು. ಗೋಡೆಯ ಹೊಸ ಅಂಚಿಗೆ ಹೊಸ ಬಾಣ ಬರೆದು, ಅಲ್ಲಿಂದ ಅಳೆದು, ಬಸ್ಸಿಗೆ ಓಡಿದೆ. ಅವತ್ತು ಬಗ್ಗುವುದು ಕಡಿಮೆ ಬೇಕಾಯಿತು ಎಂದು ನನ್ನ ಸೊಂಟಕ್ಕೆ ಗೊತ್ತಾಗಿತ್ತು. ನನಗೆ ಗೊತ್ತಾಗಲಿಲ್ಲ. ಹೊಸ ಮುಲಾಮು ಕೆಲಸ ಮಾಡುತ್ತಿದೆ ಎಂದು ಹೆಂಡತಿಗೆ ಹೇಳಿದ್ದು ನೆನಪಿದೆ.

ಮುಂದಿನ ಒಂದು ವರ್ಷ ಅದೇ ಹೊಸ ಬಾಣದಿಂದ ಅಳೆದೆ. ಆ ತಿಂಗಳುಗಳಲ್ಲಿ ಸುತ್ತು ಹಾಕಿದೆನೇ? ಹಾಕಿದ್ದರೆ ಕಾಣಬೇಕಿತ್ತು. ರಾಮಲಿಂಗಯ್ಯನವರ ಪದ್ಧತಿ ಬಿಡಲಿಲ್ಲ ಎಂದು ಹೆಮ್ಮೆ ಪಡುತ್ತಿದ್ದವನು ಆ ಬಾವಿಯ ಮಟ್ಟಿಗೆ ಬಿಟ್ಟೇಬಿಟ್ಟಿರಬೇಕು. ವರ್ಷದ ಕೊನೆಗೆ ಗ್ರಾಫ್ ಎಳೆದಾಗ ನೀರು ಇದ್ದಕ್ಕಿದ್ದ ಹಾಗೆ ಎರಡಡಿ ಇಳಿದಿತ್ತು. ಓದಿದವನಿಗೆ ಕಾರಣ ಹೊಳೆಯುವುದು ಕಷ್ಟವಲ್ಲ. ಸುತ್ತ ಎದ್ದ ಅಪಾರ್ಟ್‌ಮೆಂಟುಗಳು, ಅವುಗಳ ಬೋರ್‌ವೆಲ್ಲುಗಳು, ಕೆಳಪದರದ ಬಿರುಕುಗಳ ಸಂಪರ್ಕ ಎಂದು ಎರಡು ಪುಟದ ಟಿಪ್ಪಣಿ ಬರೆದೆ. ಮೇಲಧಿಕಾರಿ ಓದಿ "ಚೆನ್ನಾಗಿ ವಿಶ್ಲೇಷಣೆ ಮಾಡಿದ್ದೀರಿ" ಎಂದರು. ನಾನು ಬರೆದದ್ದನ್ನು ಅವರು ಓದಿದ್ದು ಅದೊಂದೇ.

ಓದಿದ ಇನ್ನೊಬ್ಬ ಮಂಜುನಾಥ. ಅರ್ಜಿ ಹಾಕಿ ಅಂಕಿಗಳ ಪ್ರತಿ ಪಡೆದ. ಊರಿನ ಮೂವರು ಹಿರಿಯರನ್ನು ಕೂರಿಸಿ, ಬಾವಿ ಸಾಯುತ್ತಿದೆ, ಮುಚ್ಚೋಣ, ದೊಡ್ಡಮ್ಮನಿಗೆ ನನ್ನ ಬೋರಿನಿಂದ ಕನೆಕ್ಷನ್ ಕೊಡುತ್ತೇನೆ ಎಂದ. ಹಿರಿಯರು ಸರ್ಕಾರದ ಅಳತೆ ಏನು ಹೇಳುತ್ತದೋ ಹಾಗೆ ಎಂದು ತೀರ್ಮಾನಿಸಿದರು. ಸರ್ಕಾರ ಎಂದರೆ ನಾನು. ಯುಗಾದಿ ಕಳೆದ ಒಂದು ಭಾನುವಾರ ನನ್ನನ್ನು ಬಾವಿಯ ಹತ್ತಿರ ಕರೆಸಿದರು.

ಇಲ್ಲಿಯವರೆಗೆ ನನಗೆ ಅನುಮಾನವಿಲ್ಲ. ಅಲ್ಲಿ ಮೊದಲು ನಡೆದದ್ದೂ ಖಚಿತ. ನಾನು ಎಲ್ಲರ ಎದುರಿಗೆ ಟೇಪು ಬಿಟ್ಟು ಅಳೆದೆ. ನನ್ನ ವರದಿಯಲ್ಲಿದ್ದದ್ದೇ ಬಂತು. ಹಿರಿಯರಲ್ಲಿ ಒಬ್ಬರು "ಇನ್ನೇನಮ್ಮ ಸಾಕಮ್ಮ, ಸಾಹೇಬ್ರೇ ಅಳೆದವ್ರಲ್ಲ," ಎಂದರು.

"ಬೋರ್ ನೀರು ಸಾಕಾಗಲ್ವಾ ದೊಡ್ಡಮ್ಮ?" ಎಂದ ಮಂಜುನಾಥ.

"ಸಾಕಾಯ್ತದೆ. ನಲ್ಲಿ ನಿನ್ ಕೈಲಿರ್ತದೆ," ಎಂದರು ಸಾಕಮ್ಮ. ಆಮೇಲೆ ನನ್ನ ಕಡೆ ತಿರುಗಿ, "ನೀರು ಇಳಿದ್ರೆ ನನ್ ಅಗ್ಗ ಯಾಕೆ ಇಳೀಲಿಲ್ಲ ಸಾರ್?" ಎಂದು ಕೇಳಿದರು.

ಹಗ್ಗ ತಂದು ತೋರಿಸಿದರು. ಅದಕ್ಕೆ ಅಲ್ಲಲ್ಲಿ ಸೀರೆಯ ಅಂಚಿನ ಚೂರುಗಳನ್ನು ಕಟ್ಟಿದ್ದರು. ಕೆಂಪು ಚೂರು ಯುಗಾದಿಯದು, ಹಸಿರು ಚೂರು ದಸರೆಯದು. ಹಬ್ಬದ ದಿನ ಬಿಂದಿಗೆ ನೀರು ಮುಟ್ಟಿದಾಗ ಆ ಚೂರು ರಾಟೆಯ ಹತ್ತಿರಕ್ಕೆ ಬರಬೇಕು. ಅತ್ತೆ ಮಾಡುತ್ತಿದ್ದರಂತೆ, ಇವರೂ ಮಾಡುತ್ತಿದ್ದರು. ಎಲ್ಲರ ಎದುರಿಗೆ ಬಿಂದಿಗೆ ಇಳಿಸಿದರು. ನೀರು ಮುಟ್ಟಿದ ಸದ್ದಾಯಿತು. ಕೆಂಪು ಚೂರು ರಾಟೆಯಿಂದ ಒಂದು ಗೇಣು ಆಚೆಗೆ ನಿಂತಿತು.

"ಗೇಣು ಎಚ್ಚುಕಮ್ಮಿ ಆಯ್ತದೆ. ಎರಡಡಿ ಎಲ್ಲಿ ಬಂತು?"

ರಾಟೆ ಇದ್ದದ್ದು ಬಾವಿಯ ಎರಡು ಬದಿಗೆ ನೆಟ್ಟ ಕಲ್ಲುಕಂಬಗಳ ಮೇಲೆ. ಕಟ್ಟೆ ಎತ್ತರಿಸಿದಾಗ ಕಂಬಗಳನ್ನು ಯಾರೂ ಮುಟ್ಟಿರಲಿಲ್ಲ. ಅಂದರೆ ಅವರ ಸೊನ್ನೆ ಅಲುಗಿರಲಿಲ್ಲ. ನನ್ನದು ಅಲುಗಿತ್ತು.

ಇಲ್ಲಿಂದ ಮುಂದೆ ನನ್ನ ನೆನಪು ಹೀಗಿದೆ: ನಾನು ಎದ್ದೆ, ಬಾವಿಗೆ ಒಂದು ಸುತ್ತು ಹಾಕಿದೆ, ಹಿಂಭಾಗದಲ್ಲಿ ಗಾರೆ ಮೆತ್ತದ ಬ್ಲಾಕುಗಳನ್ನು ಕಂಡೆ, ಎಲ್ಲರ ಎದುರಿಗೆ "ತಪ್ಪು ನನ್ನದು, ಬಾವಿಯದಲ್ಲ" ಎಂದೆ. ಹಿರಿಯರು ಬಾವಿ ಇರಲಿ ಎಂದರು. ಮಂಜುನಾಥ ಗೇಟನ್ನು ಇನ್ನೊಂದು ಬದಿಗೆ ಮಾಡಿಕೊಂಡ. ನಾನು ಆಫೀಸಿಗೆ ಹೋಗಿ ಒಂದು ವರ್ಷದ ಅಂಕಿಗಳನ್ನು ತಿದ್ದಿ ಸಹಿ ಹಾಕಿದೆ. ತರಬೇತಿಯಲ್ಲಿ ಇದನ್ನೇ ಹೇಳುತ್ತಿದ್ದೆ. ಕೆಲವರು ಚಪ್ಪಾಳೆ ತಟ್ಟಿದ್ದೂ ಉಂಟು.

ಈಗ ಕೆಲಸದ ವಿಧಾನ ಬದಲಾಗಿದೆ. ಕೊಳವೆಬಾವಿಯೊಳಗೆ ಒಂದು ಯಂತ್ರ ತೂಗುಬಿಟ್ಟಿರುತ್ತಾರೆ. ಅದರೊಳಗೆ ಮೊಬೈಲಿನಂತೆ ಸಿಮ್ ಇರುತ್ತದೆ. ದಿನಕ್ಕೆ ಹಲವು ಸಲ ತಾನೇ ಅಳೆದು ತಾನೇ ಕಳಿಸುತ್ತದೆ. ನನಗಿಂತ ಪ್ರಾಮಾಣಿಕ, ಸಭೆಗೆ ಹೋಗುವ ಅವಸರವಿಲ್ಲ. ಆದರೆ ಯಾರಾದರೂ ಪೈಪಿನ ಬಾಯಿ ಕತ್ತರಿಸಿ ಯಂತ್ರವನ್ನು ಸ್ವಲ್ಪ ಕೆಳಗೆ ತೂಗುಹಾಕಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಸುತ್ತು ಹಾಕಲು ಅದಕ್ಕೆ ಕಾಲಿಲ್ಲ. ಕಾಲಿರುವುದು ನಿಮಗೆ.

ನಿವೃತ್ತಿಯ ನಂತರವೂ ನಾನು ತಿಂಗಳಿಗೊಮ್ಮೆ ಬಸ್ಸು ಹತ್ತುತ್ತೇನೆ. ಟೇಪು ಇಲ್ಲ, ಕಿಟಕಿ ಇದೆ. ಹಾಗೆ ಒಂದು ದಿನ ವೈಟ್‌ಫೀಲ್ಡ್ ಕಡೆ ಹೋಗಿ ಆ ಬಾವಿಯನ್ನು ಹುಡುಕಿದೆ. ಇತ್ತು. ಮೇಲೆ ಕಬ್ಬಿಣದ ಜಾಲರಿ, ಪಕ್ಕದಲ್ಲಿ ನಾಲ್ಕಂತಸ್ತಿನ ಪಿ.ಜಿ., ನಡುವೆ ಎರಡು ಮಡಿ ಕೊತ್ತಂಬರಿ. ಸಾಕಮ್ಮ ಬಹಳ ಮುದುಕಿಯಾಗಿದ್ದರು. ಮಂಜುನಾಥನಿಗೆ ಹೊಟ್ಟೆ ಬಂದಿತ್ತು. ಅವನ ಆಫೀಸು ಕೋಣೆಯಲ್ಲಿ ಇಬ್ಬರ ಎದುರಿಗೂ ಕೂತು ನಾನು ಹಳೆಯ ಕಥೆ ಹೇಳಿದೆ, ತರಬೇತಿಯ ದನಿಯಲ್ಲೇ.

ಅವನು ಕೊನೆಯವರೆಗೂ ಕೇಳಿಸಿಕೊಂಡ. "ಸಾರ್, ಬೇಜಾರ್ ಮಾಡ್ಕೋಬೇಡಿ. ನೀವು ಅವತ್ತು ಏನೂ ಹೇಳ್ಲಿಲ್ಲ. ಟೇಪ್ ಒರೆಸ್ತಾ ಕೂತಿದ್ರಿ. ಕಟ್ಟೆ ಎತ್ತರ ಮಾಡಿದ್ದು ನಾವೇ ಅಲ್ವಾ, ಅದಕ್ಕೇ ಇರ್ಬೋದು ಅಂತ ಹೇಳಿದ್ದು ನಾನು."

"ನೀವು ಯಾಕೆ ಹೇಳ್ತೀರಾ? ನಿಮಗೆ ಗೇಟ್ ಬೇಕಿತ್ತಲ್ಲ."

"ಬೇಕಿತ್ತು. ಆದ್ರೆ ಬ್ಲಾಕ್ ಇಟ್ಟಿದ್ದು ನಾನು ಸಾರ್. ಇಟ್ಟೋನಿಗೆ ಗೊತ್ತಿರಲ್ವಾ? ಹಗ್ಗ ನೋಡ್ದಾಗ ತಟ್ಟಂತ ಹೊಳೀತು, ಬಾಯಿಗೆ ಬಂದ್ಬಿಡ್ತು. ಆಮೇಲೆ ಮನೇಲಿ ನಮ್ಮಪ್ಪ ಬೈದ್ರು."

ನಾನು ಸಾಕಮ್ಮನ ಕಡೆ ನೋಡಿದೆ. "ನಾನು ಹೇಳ್ಲಿಲ್ವಾ ಅಮ್ಮ?"

"ನೀವೇ ಏಳಿದ್ರಿ ಸಾರ್."

"ದೊಡ್ಡಮ್ಮ, ನಾನಲ್ವಾ?"

"ನೀನೂ ಏಳ್ದೆ ಕಣಪ್ಪ." ಎದ್ದು ಒಳಗೆ ಹೋಗುತ್ತಾ ಅಂದರು, "ಬಾವಿ ಅದೆ ತಾನೆ. ಕಾಫಿ ಕುಡ್ಕೊಂಡು ಓಗಿ."

ವಾಪಸು ಬರುವಾಗ ಬಸ್ಸಿನಲ್ಲಿ ಎರಡೂ ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮಂಜುನಾಥನಿಗೆ ತನ್ನನ್ನು ಒಳ್ಳೆಯವನಾಗಿ ನೆನಪಿಟ್ಟುಕೊಳ್ಳುವ ಆಸೆ ಇರಬಹುದು. ನನಗೂ ಅದೇ ಆಸೆ ಇದೆ ಎಂಬುದರಲ್ಲಿ ಅನುಮಾನವಿಲ್ಲ. ಅವನ ಕಥೆಯಲ್ಲಿ ಅವನಿಗೆ ನಷ್ಟವಿದೆ, ನನ್ನ ಕಥೆಯಲ್ಲಿ ನನಗೆ ಚಪ್ಪಾಳೆ ಇದೆ. ಬೇರೆಯವರ ಬಾವಿಯ ವಿಷಯದಲ್ಲಾದರೆ ನಾನು ಯಾವುದನ್ನು ನಂಬುತ್ತಿದ್ದೆ ಎಂದು ಹೇಳಬೇಕಾಗಿಲ್ಲ. ಅಂಕಿ ನುಂಗುವ ಬಗ್ಗೆ ಬಸವರಾಜ ಕೇಳಿದ್ದಕ್ಕೂ ಒಂದು ಉತ್ತರ ಸಿಕ್ಕಿತು. ಸಾಕಮ್ಮ ನುಂಗಲಿಲ್ಲ. ಅವರ ಹತ್ತಿರ ಹಗ್ಗ ಇತ್ತು. ಹಗ್ಗ ಇಲ್ಲದವರ ಸಲುವಾಗಿ ನಾವು ಸರಿಯಾಗಿ ಬರೆಯಬೇಕು ಅನಿಸುತ್ತದೆ. ಇದಕ್ಕಿಂತ ದೊಡ್ಡ ಉದ್ದೇಶ ನನ್ನ ಕೆಲಸಕ್ಕೆ ಇತ್ತು ಎಂದು ನಾನು ಹೇಳಲಾರೆ. ಇಷ್ಟಾದರೂ ಇತ್ತು.

ಅವತ್ತು ಯಾರು ಮಾತಾಡಿದರು ಎಂಬುದನ್ನು ಇನ್ನು ಪರೀಕ್ಷಿಸಲು ಆಗುವುದಿಲ್ಲ. ಆ ಹಿರಿಯರು ಮೂವರೂ ಇಲ್ಲ. ಪರೀಕ್ಷಿಸಬಹುದಾದದ್ದು ಒಂದೇ ಉಳಿದಿತ್ತು: ಆ ಬಾವಿಗೆ ಸುತ್ತು ಹಾಕದ ತಿಂಗಳುಗಳಲ್ಲಿ ಪೆನ್ಸಿಲ್ ಕಾಲಂ ಖಾಲಿ ಬಿಟ್ಟಿದ್ದೆನೇ ಎಂಬುದು. ಇಲಾಖೆಯಲ್ಲಿ ಈಗ ನನ್ನ ಜಾಗದಲ್ಲಿರುವ ನಯನಾ ಎಂಬ ಹುಡುಗಿಗೆ ಫೋನ್ ಮಾಡಿ, ಹಳೆಯ ಪುಸ್ತಕಗಳ ಬೀರುವಿನಲ್ಲಿ ಆ ವರ್ಷದ್ದು ಇದ್ದರೆ ಆ ಬಾವಿಯ ಪುಟದ ಫೋಟೋ ಕಳಿಸು ಎಂದೆ. ಎರಡು ದಿನಕ್ಕೆ ವಾಟ್ಸಾಪಿನಲ್ಲಿ ಬಂತು. ಕೆಳಗೆ ಅವಳ ಪ್ರಶ್ನೆ: "ಸಾರ್, ಈ ಪೆನ್ಸಿಲ್ ಕಾಲಂ 'ಸುತ್ತು' ಅಂದ್ರೆ ಏನು? ಎಲ್ಲಾ ತಿಂಗಳಿಗೂ ಟಿಕ್ ಇದೆ."

ಫೋಟೋ ದೊಡ್ಡದು ಮಾಡಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲು ನೋಡಿದೆ. ಇದೆ. ಶಿವರಾತ್ರಿಯ ಮರುವಾರದ ಸಾಲಿಗೂ ಟಿಕ್ ಇದೆ. ಕೈಬರಹ ನನ್ನದು.